ಕಲಿಕೆಯ ಶೈಲಿಯೆಂಬ ಮತವೂ ಬಳ್ಳಾರಿ ಸೀಮೆಯ ಶಾಲೆಗಳೂ

೧

ಕಾಲೇಜಿಗೆ ಹೊಸದಾಗಿ ಸೇರಿದ ವಿದ್ಯಾರ್ಥಿಗೆ ಇಂದು ದೊರೆಯುವ ಹಿತೋಪದೇಶಗಳಲ್ಲಿ ಒಂದಕ್ಕೆ ವಿಶೇಷ ಪ್ರಚಾರವಿದೆ. ತನ್ನ ಕಲಿಕೆಯ ಶೈಲಿ ಯಾವುದೆಂಬುದನ್ನು ಅವನು ಮೊದಲು ಅರಿತುಕೊಳ್ಳಬೇಕು, ಅದಕ್ಕೆ ತಕ್ಕಂತೆ ವ್ಯಾಸಂಗ ಮಾಡಬೇಕು, ಹಾಗೆ ಮಾಡಿದರೆ ಯಶಸ್ಸು ಸುಲಭಸಾಧ್ಯ ಎಂಬುದೇ ಆ ಉಪದೇಶ. ಇದರ ಪ್ರಕಾರ ಕಲಿಯುವವರಲ್ಲಿ ಕೆಲವರು ಕಣ್ಣಿನಿಂದ ಕಲಿಯುವವರು, ಕೆಲವರು ಕಿವಿಯಿಂದ ಕಲಿಯುವವರು, ಕೆಲವರು ಓದುಬರಹದಿಂದ ಕಲಿಯುವವರು, ಮತ್ತೆ ಕೆಲವರು ಕೈಯಾರೆ ಮಾಡಿ ಕಲಿಯುವವರು. ಒಂದು ಪ್ರಶ್ನಾವಳಿಯನ್ನು ಮುಂದಿಟ್ಟುಕೊಂಡು ಗುರುತು ಹಾಕುತ್ತ ಹೋದರೆ ಸ್ವಲ್ಪ ಹೊತ್ತಿನಲ್ಲಿಯೇ ವಿದ್ಯಾರ್ಥಿಗೆ ತನ್ನ ವರ್ಗವು ಗೊತ್ತಾಗಿಬಿಡುತ್ತದೆ. ಅಧ್ಯಾಪಕರ ತರಬೇತಿಗೆಂದು ಬರೆದ ಪುಸ್ತಕಗಳಲ್ಲಿಯೂ ಈ ಮತಕ್ಕೆ ಗೌರವದ ಸ್ಥಾನ ದೊರೆತಿದೆ.

ಮತವು ಕೇಳುವುದಕ್ಕೆ ಹಿತವಾಗಿದೆಯೆಂಬುದನ್ನು ಒಪ್ಪಲೇಬೇಕು. ಪರೀಕ್ಷೆಯಲ್ಲಿ ಹಿಂದೆ ಬಿದ್ದ ವಿದ್ಯಾರ್ಥಿಗೆ ಅದು 'ನೀನು ದಡ್ಡನಲ್ಲ, ಪಾಠದ ವಿಧಾನವು ನಿನಗೆ ಒಗ್ಗಲಿಲ್ಲ, ಅಷ್ಟೆ' ಎಂದು ಸಮಾಧಾನ ಹೇಳುತ್ತದೆ. ಒಂದೇ ಸಮನೆ ಉಪನ್ಯಾಸ ಕೊಟ್ಟು ಹೋಗುವ ಅಧ್ಯಾಪಕನಿಗೆ, ತರಗತಿಯಲ್ಲಿ ಕುಳಿತ ಅರುವತ್ತು ಮಂದಿಯೂ ಒಂದೇ ಅಚ್ಚಿನವರಲ್ಲವೆಂದು ನೆನಪು ಮಾಡಿಕೊಡುತ್ತದೆ. ಇವೆರಡೂ ಒಳ್ಳೆಯ ಕೆಲಸಗಳೇ. ಆದರೆ ಹಿತವಾದುದೆಲ್ಲವೂ ಸತ್ಯವಾಗಿರಬೇಕೆಂಬ ನಿಯಮವಿಲ್ಲ. ಈ ಮತವನ್ನು ನಂಬಿ ನಡೆದ ವಿದ್ಯಾರ್ಥಿಯು ಏನನ್ನು ಪಡೆಯುತ್ತಾನೆ, ಏನನ್ನು ಕಳೆದುಕೊಳ್ಳುತ್ತಾನೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಈ ವಿಚಾರಕ್ಕೆ ಒರೆಗಲ್ಲಾಗಿ ಬಳ್ಳಾರಿ ಜಿಲ್ಲೆಯದೇ ಆದ ಒಂದು ದಾಖಲೆಯನ್ನು ಇಟ್ಟುಕೊಳ್ಳಲಾಗಿದೆ. ಇಲ್ಲಿಯ ಮಕ್ಕಳು ಹೇಗೆ ಕಲಿಯುತ್ತಿದ್ದರೆಂಬುದನ್ನು ಇನ್ನೂರು ವರ್ಷಗಳ ಹಿಂದೆಯೇ ಕಣ್ಣಾರೆ ಕಂಡವರೊಬ್ಬರು ಬರೆದಿಟ್ಟಿದ್ದಾರೆ. ಅಂತಹ ದಾಖಲೆಯು ಮನೆಯಲ್ಲಿಯೇ ಇರುವಾಗ ಹೊರಗಿನಿಂದ ಬಂದ ಮತವನ್ನು ಅದರೊಡನೆ ತೂಗಿನೋಡದೆ ಸ್ವೀಕರಿಸುವುದು ಉಚಿತವಲ್ಲ.

೨

ಮೊದಲು ಮತದ ಹುಟ್ಟನ್ನು ಸಂಕ್ಷೇಪವಾಗಿ ನೋಡಬಹುದು. ಕಣ್ಣು, ಕಿವಿ, ಓದುಬರಹ, ಕೈ ಎಂಬ ಚತುರ್ವಿಧ ವಿಭಾಗವು ಪ್ರಸಿದ್ಧವಾದುದು 'ವಾರ್ಕ್' ಎಂಬ ಪ್ರಶ್ನಾವಳಿಯಿಂದ. ನ್ಯೂಜಿಲೆಂಡಿನ ಲಿಂಕನ್ ವಿಶ್ವವಿದ್ಯಾಲಯದ ನೀಲ್ ಫ್ಲೆಮಿಂಗ್ ಅವರು ೧೯೮೭ರಲ್ಲಿ ಇದನ್ನು ರೂಪಿಸಿದರು. ಕೊಲೀನ್ ಮಿಲ್ಸ್ ಅವರೊಡಗೂಡಿ ೧೯೯೨ರಲ್ಲಿ ಇದರ ವಿವರವನ್ನು ಪ್ರಕಟಿಸಿದರು. ಅಮೆರಿಕದ ಡೇವಿಡ್ ಕೋಲ್ಬ್ ಅವರು ೧೯೮೪ರ ತಮ್ಮ ಗ್ರಂಥದಲ್ಲಿ ಬೇರೊಂದು ಬಗೆಯ ವಿಭಾಗವನ್ನು ಪ್ರತಿಪಾದಿಸಿದ್ದರು. ಹೀಗೆ ಒಬ್ಬೊಬ್ಬರು ಒಂದೊಂದು ವಿಭಾಗವನ್ನು ಮುಂದಿಡುತ್ತ ಬಂದುದರ ಫಲವಾಗಿ, ೨೦೦೪ರಲ್ಲಿ ಇಂಗ್ಲೆಂಡಿನ ಫ್ರಾಂಕ್ ಕಾಫೀಲ್ಡ್ ಮತ್ತು ಅವರ ಸಹೋದ್ಯೋಗಿಗಳು ಲೆಕ್ಕ ಹಾಕಿದಾಗ ೭೧ ಬಗೆಯ ಶೈಲಿಮಾದರಿಗಳು ಕಾಣಿಸಿಕೊಂಡವು. ಅವುಗಳಲ್ಲಿ ಮುಖ್ಯವಾದ ೧೩ನ್ನು ಅವರು ವಿವರವಾಗಿ ಪರೀಕ್ಷಿಸಿದರು. ಒಬ್ಬನೇ ಮನುಷ್ಯನನ್ನು ಎಪ್ಪತ್ತೊಂದು ಬಗೆಯಲ್ಲಿ ವಿಂಗಡಿಸಬಹುದಾದರೆ, ಆ ವಿಂಗಡಣೆಯು ಮನುಷ್ಯನಲ್ಲಿ ಇದೆಯೋ ವಿಂಗಡಿಸುವವರ ಮನಸ್ಸಿನಲ್ಲಿ ಇದೆಯೋ ಎಂಬ ಸಂಶಯ ಸಹಜವಾದುದು.

ಫ್ಲೆಮಿಂಗ್ ಅವರಿಗೆ ಅನ್ಯಾಯವಾಗಬಾರದು. ತಮ್ಮ ಪ್ರಶ್ನಾವಳಿಯು ವಿದ್ಯಾರ್ಥಿಯು ತನ್ನ ಓದಿನ ರೀತಿಯನ್ನು ಕುರಿತು ತಾನೇ ಆಲೋಚಿಸುವಂತೆ ಮಾಡುವ ಸಾಧನವೆಂದೇ ಅವರು ಆ ಮೊದಲ ಲೇಖನದಲ್ಲಿ ಭಾವಿಸಿದ್ದರು. ಅದು ತಿಳಿಸುವುದು ವಿದ್ಯಾರ್ಥಿಯ ಒಲವನ್ನು. ಒಲವು ಬೇರೆ, ಸಾಮರ್ಥ್ಯ ಬೇರೆ. ಒಬ್ಬನಿಗೆ ಸಿಹಿಯು ಇಷ್ಟವೆಂದರೆ ಸಿಹಿಯೇ ಅವನ ದೇಹಕ್ಕೆ ಪಥ್ಯವೆಂದು ಯಾವ ವೈದ್ಯನೂ ಹೇಳುವುದಿಲ್ಲ. ಆದರೆ ಪ್ರಚಾರದ ಕೈಗೆ ಸಿಕ್ಕ ಮತದಲ್ಲಿ ಈ ಭೇದವು ಅಳಿಸಿಹೋಗಿದೆ. ಬ್ರಿಟನ್ ಮತ್ತು ನೆದರ್ಲೆಂಡ್ಸ್ ದೇಶಗಳ ಅಧ್ಯಾಪಕರನ್ನು ಕೇಳಿ ೨೦೧೨ರಲ್ಲಿ ಪ್ರಕಟಿಸಿದ ಒಂದು ಪರಿಶೀಲನೆಯಲ್ಲಿ, ಅನುಕ್ರಮವಾಗಿ ನೂರಕ್ಕೆ ೯೩ ಮತ್ತು ೯೬ ಮಂದಿ ವಿದ್ಯಾರ್ಥಿಯ ಶೈಲಿಗೆ ಅನುಗುಣವಾಗಿ ಪಾಠ ಹೇಳಿದರೆ ಕಲಿಕೆಯು ಉತ್ತಮಗೊಳ್ಳುತ್ತದೆಂದು ನಂಬಿದ್ದುದು ಕಂಡುಬಂದಿತು.

ಈ ನಂಬಿಕೆಯನ್ನು ಪರೀಕ್ಷಿಸುವ ಕ್ರಮವು ಕಷ್ಟವಾದುದೇನೂ ಅಲ್ಲ. ಹೆರಾಲ್ಡ್ ಪ್ಯಾಶ್ಲರ್ ಮೊದಲಾದ ನಾಲ್ವರು ಮನಶ್ಶಾಸ್ತ್ರಜ್ಞರು ೨೦೦೮ರಲ್ಲಿ ಅದನ್ನು ಸ್ಪಷ್ಟವಾಗಿ ನಿರೂಪಿಸಿದರು. ಕಣ್ಣಿನವರೆಂದು ಹೇಳಿಕೊಂಡವರಲ್ಲಿ ಅರ್ಧ ಮಂದಿಗೆ ಚಿತ್ರದ ಮೂಲಕವೂ ಉಳಿದವರಿಗೆ ಮಾತಿನ ಮೂಲಕವೂ ಪಾಠ ಹೇಳಬೇಕು. ಕಿವಿಯವರಿಗೂ ಹಾಗೆಯೇ ಮಾಡಬೇಕು. ಕೊನೆಯಲ್ಲಿ ಎಲ್ಲರಿಗೂ ಒಂದೇ ಪರೀಕ್ಷೆ ಕೊಡಬೇಕು. ಕಣ್ಣಿನವರು ಚಿತ್ರದಿಂದಲೂ ಕಿವಿಯವರು ಮಾತಿನಿಂದಲೂ ಹೆಚ್ಚು ಕಲಿತರೆ ಮತವು ನಿಲ್ಲುತ್ತದೆ. ಇಬ್ಬರಿಗೂ ಒಂದೇ ವಿಧಾನವು ಮೇಲಾಗಿ ಕಂಡರೆ, ವಿಂಗಡಣೆಯಿಂದ ಪ್ರಯೋಜನವಿಲ್ಲವೆಂದಾಯಿತು. ಈ ನಿಯಮವನ್ನು ಪಾಲಿಸಿದ ಪ್ರಯೋಗಗಳೇ ಅತಿ ವಿರಳವೆಂದೂ, ಪಾಲಿಸಿದವುಗಳಲ್ಲಿ ಹಲವು ಮತಕ್ಕೆ ವಿರುದ್ಧವಾಗಿಯೇ ಇವೆಯೆಂದೂ ಅವರು ತೋರಿಸಿಕೊಟ್ಟರು. ಅನಂತರ ೨೦೧೫ರಲ್ಲಿ ಬೆತ್ ರೊಗಾವ್‌ಸ್ಕಿ ಮತ್ತು ಜೊತೆಯವರು ವಯಸ್ಕರಿಗೆ ಒಂದೇ ಗ್ರಂಥಭಾಗವನ್ನು ಕೆಲವರಿಗೆ ಕೇಳಿಸಿ, ಕೆಲವರಿಗೆ ಓದಿಸಿ ನೋಡಿದಾಗಲೂ ಒಲವಿಗೂ ಗ್ರಹಿಕೆಗೂ ಗಣನೀಯವಾದ ಸಂಬಂಧವು ಕಾಣಲಿಲ್ಲ.

ಪರೀಕ್ಷೆಗಳ ವಿಷಯ ಇಷ್ಟು ಸಾಕು. ಶೈಲಿಯು ಕಲಿಯುವವನಲ್ಲಿ ಇಲ್ಲವೆಂದಾದರೆ ವಿಧಾನವನ್ನು ನಿರ್ಣಯಿಸುವುದು ಯಾವುದು? ಈ ಪ್ರಶ್ನೆಗೆ ಉತ್ತರ ಹುಡುಕುವಾಗ ಬಳ್ಳಾರಿಯ ದಾಖಲೆಯು ಬಹಳ ಉಪಯುಕ್ತವಾಗಿದೆ.

೩

ನಿಜಾಮನು ೧೮೦೦ರಲ್ಲಿ ಕಂಪನಿಗೆ ಬಿಟ್ಟುಕೊಟ್ಟ ಸೀಮೆಯ ಪ್ರಧಾನ ಕಲೆಕ್ಟರನಾಗಿ ೧೮೦೭ರವರೆಗೆ ದುಡಿದಿದ್ದ ತಾಮಸ್ ಮನ್ರೋ ಮುಂದೆ ಮದರಾಸಿನ ಗವರ್ನರನಾದನು. ಪ್ರಾಂತದಲ್ಲಿ ದೇಶೀಯ ವಿದ್ಯಾಭ್ಯಾಸದ ಸ್ಥಿತಿ ಹೇಗಿದೆಯೆಂದು ತಿಳಿಸಬೇಕೆಂದು ೧೮೨೨ರ ಜೂನ್ ತಿಂಗಳಲ್ಲಿ ಅವನು ಅಪ್ಪಣೆ ಹೊರಡಿಸಿದನು. ಅನೇಕ ಕಲೆಕ್ಟರುಗಳು ಅಂಕಿಗಳ ಪಟ್ಟಿಯನ್ನು ಕಳುಹಿಸಿ ಸುಮ್ಮನಾದರು. ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮಾತ್ರ ೧೮೨೩ರ ಆಗಸ್ಟ್ ೧೭ರಂದು ಬರೆದ ವರದಿಯಲ್ಲಿ ಶಾಲೆಯ ಒಳಗಣ ದಿನಚರಿಯನ್ನು ವಿವರವಾಗಿ ಚಿತ್ರಿಸಿದನು. ತೆಲುಗು ಭಾಷೆಗೆ ವ್ಯಾಕರಣ ಬರೆದಿದ್ದ ವಿದ್ವಾಂಸನಾದುದರಿಂದ ಅವನ ಕಣ್ಣು ಸಾಮಾನ್ಯ ಅಧಿಕಾರಿಯ ಕಣ್ಣಾಗಿರಲಿಲ್ಲ. ಧರ್ಮಪಾಲ್ ಅವರು ೧೯೮೩ರಲ್ಲಿ ಇಂತಹ ವರದಿಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಮೇಲೆ ಇದು ಎಲ್ಲರಿಗೂ ಸುಲಭವಾಗಿ ಸಿಕ್ಕುವಂತಾಗಿದೆ.

ಅಂದಿನ ಬಳ್ಳಾರಿ ಜಿಲ್ಲೆಯು ಇಂದಿನದಕ್ಕಿಂತ ಬಹಳ ದೊಡ್ಡದು. ಅನಂತಪುರವು ಅದರಿಂದ ಬೇರೆಯಾದದ್ದು ೧೮೮೨ರಲ್ಲಿ. ಜನಸಂಖ್ಯೆಯು ೯,೨೭,೮೫೭. ಶಾಲೆಗಳು ೫೩೩, ಕಲಿಯುವವರು ೬,೬೪೧. ಎಂದರೆ ಸಾವಿರ ಮಂದಿಗೆ ಏಳು ಮಕ್ಕಳೂ ಇಲ್ಲ. ಅವರಲ್ಲಿ ಹುಡುಗಿಯರ ಸಂಖ್ಯೆ ಕೇವಲ ೬೦. ಶಾಲೆಗಳ ಪೈಕಿ ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಸಂಸ್ಕೃತದವು ೨೩, ಪಾರಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ಒಂದೇ ಒಂದು. ದೇಶೀಯ ಕೈಗಾರಿಕೆಯು ಕುಸಿದು ನಾಡು ಬಡವಾದುದರಿಂದ ಹಿಂದೆ ಶಾಲೆಗಳಿದ್ದ ಎಷ್ಟೋ ಊರುಗಳಲ್ಲಿ ಈಗ ಇಲ್ಲವಾಗಿವೆಯೆಂದೂ, ಇರುವ ೫೩೩ರಲ್ಲಿ ಒಂದಕ್ಕೂ ಸರಕಾರದ ಬೆಂಬಲವಿಲ್ಲವೆಂದು ಹೇಳಲು ತನಗೆ ನಾಚಿಕೆಯಾಗುತ್ತದೆಂದೂ ಕ್ಯಾಂಪ್‌ಬೆಲ್ ಬರೆದಿರುವುದು ಅವನ ಪ್ರಾಮಾಣಿಕತೆಗೆ ಸಾಕ್ಷಿ.

ಇನ್ನು ಕಲಿಸುವ ಕ್ರಮ. ಐದು ವರ್ಷ ತುಂಬಿದ ಮಗುವಿಗೆ ಮನೆಯಲ್ಲಿ ಗಣಪತಿಯ ಮುಂದೆ ಅಕ್ಕಿಯ ಮೇಲೆ ಬೆರಳಿನಿಂದ ಬರೆಯಿಸುತ್ತಿದ್ದರು. ಮರುದಿನದಿಂದ ಶಾಲೆ. ಬೆಳಗಿನ ಆರು ಗಂಟೆಗೆ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು, ಎರಡನೆಯವನಿಗೆ ಸೊನ್ನೆ, ಮೂರನೆಯವನಿಗೆ ಮೆಲ್ಲಗೆ ಒಂದು ಏಟು, ನಾಲ್ಕನೆಯವನಿಗೆ ಎರಡು. ತಡವಾದಂತೆಲ್ಲ ಏಟು ಏರುತ್ತಿದ್ದಿತು. ಸೋಮಾರಿಯನ್ನು ಕೈಗಳಿಗೆ ಹಗ್ಗ ಕಟ್ಟಿ ಮಾಡಿಗೆ ಜಗ್ಗಿ ತೂಗುಹಾಕುವ ಕ್ರೌರ್ಯವೂ ಇದ್ದಿತು. ಹಳೆಯದೆಲ್ಲವೂ ಹೊನ್ನೆಂದು ಹೊಗಳುವವರು ವರದಿಯ ಈ ಭಾಗವನ್ನು ದಾಟಿ ಮುಂದೆ ಹೋಗುವುದುಂಟು.

ಮಗುವು ಅಕ್ಷರಗಳನ್ನು ಕಲಿಯುತ್ತಿದ್ದುದು ಯೂರೋಪಿನ ಮಕ್ಕಳಂತೆ ಉಚ್ಚರಿಸಿ ಅಲ್ಲ, ನೆಲದ ಮರಳಿನಲ್ಲಿ ಬೆರಳಿನಿಂದ ತಿದ್ದಿ, ಎಂಬುದನ್ನು ಕ್ಯಾಂಪ್‌ಬೆಲ್ ವಿಶೇಷವಾಗಿ ಗಮನಿಸುತ್ತಾನೆ. ಬೆರಳು ಪಳಗಿದ ಮೇಲೆ ಹಲಗೆ ಅಥವಾ ಕಡತ. ಹಲಗೆಯು ಸುಮಾರು ಒಂದಡಿ ಅಗಲ, ಮೂರಡಿ ಉದ್ದ. ಅದಕ್ಕೆ ಅನ್ನವನ್ನೂ ಇದ್ದಿಲ ಪುಡಿಯನ್ನೂ ಸವರುತ್ತಿದ್ದರು. ಕಡತವು ಗಂಜಿ ಹಾಕಿ ಮಡಿಸಿದ ಬಟ್ಟೆ. ಅದರ ಮೇಲೆ ಇದ್ದಿಲು ಮತ್ತು ಅಂಟುಗಳ ಲೇಪ. ಬರೆಯುವುದು ಬಳಪದಿಂದ, ಒರೆಸುವುದು ಒದ್ದೆ ಬಟ್ಟೆಯಿಂದ. ಅಕ್ಷರವಾದ ಮೇಲೆ ಒತ್ತಕ್ಷರ, ಅನಂತರ ಜನರ, ಊರುಗಳ, ಪ್ರಾಣಿಗಳ ಹೆಸರು, ಕೊನೆಗೆ ಅಂಕಿ. ಲೆಕ್ಕದಲ್ಲಿ ಭಿನ್ನರಾಶಿಗಳು ಹತ್ತರಂತೆ ಇಳಿಯದೆ ನಾಲ್ಕರಂತೆ ಇಳಿಯುತ್ತಿದ್ದವು. ಈ ಕಾಲುಲೆಕ್ಕಗಳೂ ಕೂಡುವ, ಗುಣಿಸುವ ಮಗ್ಗಿಗಳೂ ಅಳತೆ ತೂಕಗಳೂ ಬಾಯಿಗೆ ಬರಬೇಕೆಂದು, ದಿನಕ್ಕೆ ಎರಡು ಸಲ ಮಕ್ಕಳೆಲ್ಲರೂ ಸಾಲಾಗಿ ನಿಂತು ಹಿರಿಯ ವಿದ್ಯಾರ್ಥಿಯೊಬ್ಬನ ಹಿಂದೆ ಗಟ್ಟಿಯಾಗಿ ಹೇಳುತ್ತಿದ್ದರು. ಅಧ್ಯಾಪಕನು ಅಲ್ಲಿ ಇಲ್ಲಿ ಕೂಡಿಸಿ ತಂದ ಬಗೆಬಗೆಯ ಕೈಬರಹದ ಕಾಗದಗಳನ್ನು ಬಿಡಿಸಿ ಓದುವುದು ಮುಂದಿನ ಪಾಠ. ಕರಾರುಪತ್ರ ಬರೆಯುವುದು ಅದರ ಜೊತೆಯದು. ಕಾವ್ಯಗಳನ್ನು ಬಾಯಿಪಾಠ ಮಾಡಿಸುತ್ತಿದ್ದುದು ಉಚ್ಚಾರದ ಸ್ಪಷ್ಟತೆಗಾಗಿ.

ಈ ದಿನಚರಿಯನ್ನು ಶೈಲಿಮತದವರು ಓದಬೇಕು. ಅಕ್ಷರಕ್ಕೆ ಕೈ, ಮಗ್ಗಿಗೆ ಬಾಯಿ ಮತ್ತು ಕಿವಿ, ಕೈಬರಹಕ್ಕೆ ಕಣ್ಣು, ಕರಾರಿಗೆ ಲೇಖನಿ. ಯಾವ ಮಗುವನ್ನೂ 'ನೀನು ಯಾವ ಬಗೆಯವನು' ಎಂದು ಕೇಳಲಿಲ್ಲ. ಕಲಿಯಬೇಕಾದ ವಸ್ತುವೇ ತನಗೆ ಬೇಕಾದ ಇಂದ್ರಿಯವನ್ನು ಆರಿಸಿಕೊಂಡಿತು. ಪ್ರತಿಯೊಂದು ಮಗುವೂ ಪ್ರತಿಯೊಂದು ಇಂದ್ರಿಯವನ್ನೂ ದುಡಿಸಿತು. ಕಾಲೇಜಿನ ಪಾಠಗಳಲ್ಲಿಯೂ ಇದೇ ನಿಜ. ರಾಘವಾಂಕನ ಷಟ್ಪದಿಯ ನಡೆಯು ಕಿವಿಗೆ ಬೀಳದೆ ಯಾರಿಗೂ ಅರ್ಥವಾಗುವುದಿಲ್ಲ. ತಾನು ಕಣ್ಣಿನವನೆಂದು ಹೇಳಿಕೊಂಡು ಪ್ರಸ್ತಾರದ ಗುರು ಲಘು ಚಿಹ್ನೆಗಳನ್ನೇ ನೋಡುತ್ತ ಕುಳಿತವನಿಗೆ ಛಂದಸ್ಸು ಲೆಕ್ಕವಾಗಿ ಉಳಿಯುತ್ತದೆ. ಕುರುಗೋಡಿನ ದೊಡ್ಡಬಸವೇಶ್ವರನ ಏಕಶಿಲಾ ನಂದಿಯನ್ನು ಕುರಿತು ಎಷ್ಟು ಉಪನ್ಯಾಸ ಕೇಳಿದರೂ, ಅದರ ಎದುರು ನಿಂತು ನೋಡಿದವನಿಗೆ ಆಗುವ ಪ್ರಮಾಣಜ್ಞಾನವು ಆಗದು. ಅದೇ ಊರಿನ ಸಿಂದರ ಶಾಸನಗಳನ್ನು ತಿಳಿಯಬೇಕಾದರೆ ನೋಡಿದರಷ್ಟೆ ಸಾಲದು, ಹಳಗನ್ನಡವನ್ನು ಓದಬೇಕು. ರಸಾಯನಶಾಸ್ತ್ರದ ಪ್ರಯೋಗಶಾಲೆಯಲ್ಲಿ ಬ್ಯೂರೆಟ್ಟಿನ ತಿರುಪನ್ನು ಯಾವ ಹನಿಗೆ ನಿಲ್ಲಿಸಬೇಕೆಂಬುದು ಕೈಗೆ ಬರಬೇಕಾದ ವಿದ್ಯೆ. ಕಿವಿಯವನಿಗೆ ಅದರಿಂದ ವಿನಾಯಿತಿ ಇಲ್ಲ.

ಇನ್ನೆರಡು ಅಂಶಗಳನ್ನು ಇಲ್ಲಿಯೇ ಹೇಳಬೇಕು. ಮುಂದುವರಿದ ವಿದ್ಯಾರ್ಥಿಗಳು ಹಿಂದಿನವರಿಗೆ ಹೇಳಿಕೊಡುವ ಪದ್ಧತಿಯು ಹೇಳಿಕೊಡುವವನ ಜ್ಞಾನವನ್ನೇ ಗಟ್ಟಿಗೊಳಿಸುತ್ತದೆಂದು ಕ್ಯಾಂಪ್‌ಬೆಲ್ ಮೆಚ್ಚುತ್ತಾನೆ. ಇಂಗ್ಲೆಂಡು ಇದನ್ನು ಅನುಕರಿಸಿದ್ದು ಯೋಗ್ಯವೇ ಆಯಿತೆನ್ನುತ್ತಾನೆ. ಅವನ ಮನಸ್ಸಿನಲ್ಲಿದ್ದುದು ಮದರಾಸಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನಡೆಸಿ, ಇಲ್ಲಿಯ ಮರಳ ಬರಹವನ್ನೂ ಹಿರಿಯ ವಿದ್ಯಾರ್ಥಿಯ ಪಾಠವನ್ನೂ ೧೭೯೭ರ ತನ್ನ ಪುಸ್ತಕದ ಮೂಲಕ ಸ್ವದೇಶದಲ್ಲಿ ಪ್ರಚಾರ ಮಾಡಿದ ಆಂಡ್ರೂ ಬೆಲ್ಲನ ಪದ್ಧತಿಯೆಂಬುದು ಸ್ಪಷ್ಟ. ಎರಡನೆಯದು ಕ್ಯಾಂಪ್‌ಬೆಲ್ ಹೇಳದೆ ಬಿಟ್ಟದ್ದು. ಮರಳು, ಹಲಗೆ, ಕಡತ ಮೂರೂ ಅಳಿಸಿಹೋಗುವ ಬರಹದ ಸಾಧನಗಳು. ನಿನ್ನೆ ಬರೆದುದು ಇಂದು ಎದುರಿಗಿಲ್ಲ. ನೆನಪಿನಿಂದಲೇ ಮತ್ತೆ ಬರೆಯಬೇಕು. ಬಡತನವು ಒದಗಿಸಿದ ಈ ಕಟ್ಟುಪಾಡಿನ ಬೆಲೆಯು ತೀರ ಈಚಿನ ಪ್ರಯೋಗಗಳಿಂದ ತಿಳಿದುಬಂದಿದೆ. ಹೆನ್ರಿ ರೋಡಿಗರ್ ಮತ್ತು ಜೆಫ್ರಿ ಕಾರ್ಪಿಕೆ ಎಂಬವರು ೨೦೦೬ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾಲೇಜು ವಿದ್ಯಾರ್ಥಿಗಳು ಒಂದು ಗದ್ಯಭಾಗವನ್ನು ಓದಿದ ಮೇಲೆ, ಕೆಲವು ಭಾಗಗಳನ್ನು ಮತ್ತೊಮ್ಮೆ ಓದಿದರು, ಕೆಲವನ್ನು ಪುಸ್ತಕ ಮುಚ್ಚಿ ನೆನಪಿನಿಂದ ಬರೆದರು. ಐದು ನಿಮಿಷದ ಅನಂತರ ಪರೀಕ್ಷಿಸಿದಾಗ ಮತ್ತೆ ಓದಿದ್ದೇ ಮೇಲಾಗಿ ಕಂಡಿತು. ವಾರ ಕಳೆದ ಮೇಲೆ ನೋಡಿದರೆ ಮತ್ತೆ ಓದಿದ್ದರಲ್ಲಿ ಉಳಿದದ್ದು ನೂರಕ್ಕೆ ೪೨. ನೆನಪಿನಿಂದ ಬರೆದದ್ದರಲ್ಲಿ ೫೬. ಪರೀಕ್ಷೆಯ ಹಿಂದಿನ ರಾತ್ರಿ ಗೈಡನ್ನು ಮೂರು ಸಲ ತಿರುವಿಹಾಕಿದವನಿಗೆ ಎಲ್ಲವೂ ಬಂದಂತೆ ಏಕೆ ತೋರುತ್ತದೆಂಬುದೂ, ಮುಂದಿನ ವರ್ಷ ಅದೇ ವಿಷಯ ಬಂದಾಗ ಏನೂ ಉಳಿದಿರುವುದಿಲ್ಲವೇಕೆಂಬುದೂ ಇದರಿಂದ ವಿಶದವಾಗುತ್ತದೆ.

೪

ಆದರೆ ಕ್ಯಾಂಪ್‌ಬೆಲ್ಲನ ವರದಿಯು ಹೊಗಳಿಕೆಯಲ್ಲಿ ಮುಗಿಯುವುದಿಲ್ಲ. ಅದರ ಅತ್ಯಂತ ತೀಕ್ಷ್ಣವಾದ ಭಾಗವು ದೋಷವನ್ನು ಕುರಿತದ್ದು, ಮತ್ತು ನಮ್ಮ ವಿಷಯಕ್ಕೆ ಅದೇ ಮುಖ್ಯ. ಶಾಲೆಗಳಲ್ಲಿ ಓದುತ್ತಿದ್ದ ಗ್ರಂಥಗಳು ರಾಮಾಯಣ, ಭಾರತ, ಭಾಗವತ; ಲಿಂಗವಂತರ ಮಕ್ಕಳಿಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಚೆನ್ನಬಸವಪುರಾಣ ಮೊದಲಾದವು. ವ್ಯಾಕರಣದ ಪಟ್ಟಿಯಲ್ಲಿ ಶಬ್ದಮಣಿದರ್ಪಣದ ಹೆಸರೂ ಇದೆ. ಇವೆಲ್ಲವೂ ಪದ್ಯದಲ್ಲಿವೆ, ಆಡುವ ಮಾತಿಗೂ ಅವುಗಳ ಭಾಷೆಗೂ ಬಹಳ ದೂರ. ವಿವರಿಸಬಲ್ಲ ಉಪಾಧ್ಯಾಯರೇ ಕಡಮೆ, ಅರ್ಥ ಮಾಡಿಕೊಂಡ ಶಿಷ್ಯರು ಇನ್ನೂ ಕಡಮೆ. ಹುಡುಗನು ನೂರಾರು ಪದ್ಯಗಳನ್ನು ಗಿಳಿಯಂತೆ ಒಪ್ಪಿಸುತ್ತಾನೆ, ಪದಗಳನ್ನಲ್ಲ, ಬರಿಯ ಅಕ್ಷರಗಳನ್ನು ಓದುತ್ತ ಬಾಲ್ಯವನ್ನು ಕಳೆಯುತ್ತಾನೆ ಎಂಬುದು ಅವನ ಆಕ್ಷೇಪ. ಇದರ ಜೊತೆಗೆ ಒಂದು ಸೂಕ್ಷ್ಮವಾದ ಮಾತನ್ನೂ ಸೇರಿಸುತ್ತಾನೆ: ಕನ್ನಡ ತೆಲುಗುಗಳ ಲಿಪಿಯು ಒಂದೇ ಆದುದರಿಂದ ಒಂದನ್ನು ಓದಬಲ್ಲವನು ಇನ್ನೊಂದನ್ನೂ ಓದಬಲ್ಲನು, ಆದರೆ ಅರ್ಥ ಮಾಡಿಕೊಳ್ಳಲಾರನು.

ಆಕ್ಷೇಪದಲ್ಲಿ ಅತಿರೇಕವಿದೆ. ಪುರಾಣವು ಶಾಲೆಯಲ್ಲಿ ಮಾತ್ರ ಇರಲಿಲ್ಲ. ಮಠದಲ್ಲಿ, ಗುಡಿಯ ಜಗಲಿಯಲ್ಲಿ ಅದನ್ನು ಓದಿ ಅರ್ಥ ಹೇಳುವ ಸಂಪ್ರದಾಯವಿದ್ದಿತು. ಬಾಲ್ಯದಲ್ಲಿ ಬಾಯಿಗೆ ಬಂದ ಪದ್ಯವು ನಡುವಯಸ್ಸಿನಲ್ಲಿ ಬುದ್ಧಿಗೆ ಬರಬಹುದು. ಕಲೆಕ್ಟರನು ಎಣಿಸಿದ್ದು ಶಾಲೆಗಳನ್ನು, ಊರಿನ ಪಾಠವನ್ನಲ್ಲ. ಆದರೂ ಶಾಲೆಯ ಮಟ್ಟಿಗೆ ಅವನ ಮಾತು ನಿಂತೇ ನಿಲ್ಲುತ್ತದೆ. ಇಂದ್ರಿಯಗಳೆಲ್ಲ ಚೆನ್ನಾಗಿ ದುಡಿದುವು, ವಿಧಾನವು ಒಪ್ಪವಾಗಿದ್ದಿತು, ಸೋತದ್ದು ಅರ್ಥ.

ಸಿರುಗುಪ್ಪದಿಂದಲೋ ಕುರುಗೋಡಿನಿಂದಲೋ ಬೆಳಗಿನ ಬಸ್ಸು ಹಿಡಿದು ಬಳ್ಳಾರಿಯ ಕಾಲೇಜಿಗೆ ಬರುವ ವಿದ್ಯಾರ್ಥಿನಿಯೊಬ್ಬಳನ್ನು ಊಹಿಸಿಕೊಳ್ಳೋಣ. ಈ ಸೀಮೆಯಲ್ಲಿ ಮನೆಯೊಳಗೆ ತೆಲುಗನ್ನಾಡುವ ಕುಟುಂಬಗಳು ವಿರಳವಲ್ಲ. ೧೯೫೩ರ ಅಕ್ಟೋಬರ್ ೧ರಂದು ಬಳ್ಳಾರಿಯು ಮೈಸೂರಿಗೆ ಸೇರಿ, ಆದೋನಿ, ಆಲೂರು, ರಾಯದುರ್ಗಗಳು ಆಂಧ್ರಕ್ಕೆ ಸೇರಿದಾಗ ಎಳೆದ ಗೆರೆಯು ನಾಲಗೆಗಳ ನಡುವೆ ನೇರವಾಗಿ ಹಾದುಹೋಗಲಿಲ್ಲ. ಅವಳು ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಪದವಿಪೂರ್ವ ವಿಜ್ಞಾನದಲ್ಲಿ ಇಂಗ್ಲಿಷ್ ಎಂಬ ಮೂರು ಹೊಸ್ತಿಲುಗಳನ್ನು ದಾಟಿ ಬಂದವಳು. ಹತ್ತನೆಯ ತರಗತಿಯವರೆಗೆ 'ಬಲ', 'ಶಕ್ತಿ', 'ಸಾಮರ್ಥ್ಯ' ಎಂದು ಓದಿದ್ದಳು. ಆಡುಮಾತಿನಲ್ಲಿ ಈ ಮೂರಕ್ಕೂ ಅಂತಹ ಭೇದವೇನೂ ಇಲ್ಲ. ಎತ್ತಿಗೆ ಬಲವಿದೆಯೆಂದರೂ ಶಕ್ತಿಯಿದೆಯೆಂದರೂ ಸಿರುಗುಪ್ಪದ ರೈತನಿಗೆ ಒಂದೇ. ಶಾಸ್ತ್ರದಲ್ಲಿ ಮೂರೂ ಬೇರೆ ಬೇರೆ. ಆ ಭೇದವು ಮನಸ್ಸಿನಲ್ಲಿ ನೆಲೆಯೂರುವ ಮೊದಲೇ ಫೋರ್ಸ್, ಎನರ್ಜಿ, ಪವರ್ ಎಂಬ ಮೂರು ಹೊಸ ಶಬ್ದಗಳು ಬಂದವು. ಅಕ್ಷರ ಬರುವುದರಿಂದ ಅವಳು ಪುಟವನ್ನು ತಡೆಯಿಲ್ಲದೆ ಓದುತ್ತಾಳೆ, ಸೂತ್ರವನ್ನು ಬರೆಯುತ್ತಾಳೆ, ಲೆಕ್ಕವನ್ನು ಸ್ವಲ್ಪ ಮಾರ್ಪಡಿಸಿ ಕೇಳಿದರೆ ನಿಂತುಬಿಡುತ್ತಾಳೆ. ೧೮೨೩ರಲ್ಲಿ ಕನ್ನಡದ ಹುಡುಗನು ತೆಲುಗು ಪುಸ್ತಕವನ್ನು ಓದಿದಂತೆಯೇ ಇದು.

ಕನ್ನಡದಲ್ಲಿಯೇ ಕಲಿಸಿದರೆ ಎಲ್ಲವೂ ತಾನಾಗಿ ಸರಿಹೋಗುತ್ತದೆಂದು ಭಾವಿಸುವುದೂ ಸರಿಯಲ್ಲ. 'ದ್ಯುತಿಸಂಶ್ಲೇಷಣೆ' ಎಂಬ ಶಬ್ದವು ಕನ್ನಡ ಪುಸ್ತಕದಲ್ಲಿದೆಯೆಂಬ ಮಾತ್ರಕ್ಕೆ ಅದು ಕನ್ನಡದ ಮಗುವಿಗೆ ಪಾರದರ್ಶಕವಾಗುವುದಿಲ್ಲ. ತುಂಗಭದ್ರೆಯ ಕಾಲುವೆಯ ನೀರಿನಲ್ಲಿ ಬೆಳೆದ ಬತ್ತದ ಗದ್ದೆಯ ನಡುವೆ ಹುಟ್ಟಿದವಳಿಗೆ, ಎಲೆ ಹಳದಿಯಾದರೆ ಕಾಳು ಜೊಳ್ಳಾಗುವುದು ಗೊತ್ತು. ಈ ತಿಳಿವಳಿಕೆಗೂ ಆ ಆರಕ್ಷರದ ಪದಕ್ಕೂ ಗಂಟು ಹಾಕುವ ಅಧ್ಯಾಪಕನು ಸಿಕ್ಕದಿದ್ದರೆ, ಪದವು ರಾಘವಾಂಕನ ಪದ್ಯದಂತೆ ಬಾಯಿಯಲ್ಲಿಯೇ ಉಳಿಯುತ್ತದೆ.

ಇಂತಹವಳಿಗೆ ಪ್ರಶ್ನಾವಳಿಯನ್ನು ಕೊಟ್ಟರೆ ಏನಾಗುತ್ತದೆ? ಇಂಗ್ಲಿಷ್ ಪುಸ್ತಕ ಓದುವುದು ಇಷ್ಟವೇ ಎಂದು ಕೇಳಿದರೆ ಇಲ್ಲವೆನ್ನುತ್ತಾಳೆ. ಮಾಡಿ ನೋಡುವುದು ಇಷ್ಟವೆನ್ನುತ್ತಾಳೆ. ಅವಳು ಕೈಯಿಂದ ಕಲಿಯುವವಳೆಂದು ತೀರ್ಮಾನವಾಗುತ್ತದೆ. ಭಾಷೆಯ ಅಡ್ಡಿಯು ಹೀಗೆ ಅವಳ ಸ್ವಭಾವವೆಂಬ ಹೆಸರು ಪಡೆಯುತ್ತದೆ. ಅಡ್ಡಿಯಾದರೆ ತೆಗೆಯಬೇಕು, ತೆಗೆಯುವ ಹೊಣೆ ನಮ್ಮದು. ಸ್ವಭಾವವಾದರೆ ಒಪ್ಪಿಕೊಳ್ಳಬೇಕು, ಯಾರಿಗೂ ಹೊಣೆಯಿಲ್ಲ. ಶೈಲಿಮತದ ಮೇಲೆ ಹೊರಿಸಬೇಕಾದ ಮುಖ್ಯ ಅಪರಾಧವು ಇದೇ. ಅದು ಪ್ರಯೋಗದಲ್ಲಿ ಸೋತಿತೆಂಬುದು ಇದಕ್ಕಿಂತ ಚಿಕ್ಕ ಮಾತು.

ಈ ನಾಡಿನಲ್ಲಿ ಇದಕ್ಕೆ ಇನ್ನೂ ಕಠೋರವಾದ ಮುಖವಿದೆ. ಕೈಕೆಲಸದವರಿಗೆ ಅಕ್ಷರವೇಕೆ, ಹೆಂಗಸಿಗೆ ಓದೇಕೆ ಎಂದು ಕೇಳಿದ ಕಾಲವು ತೀರ ದೂರದ್ದಲ್ಲ. ೬,೬೪೧ರಲ್ಲಿ ೬೦ ಎಂಬ ಅಂಕಿಯು ಹುಡುಗಿಯರ ಶೈಲಿಯನ್ನು ತಿಳಿಸುತ್ತಿದೆಯೆ? ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರು ಅಕ್ಷರ ಕಲಿಯದೆಯೇ ದೀರ್ಘವಾದ ಕಥನಕಾವ್ಯಗಳನ್ನು ನೆನಪಿನಿಂದ ಹಾಡಿದವರು. ಹಂಪಿಯ ಕನ್ನಡ ವಿಶ್ವವಿದ್ಯಾಲಯದ ನಾಡೋಜ ಪದವಿಯನ್ನು ಪಡೆದು ೨೦೧೪ರಲ್ಲಿ ತೀರಿಕೊಂಡರು. ಪ್ರಶ್ನಾವಳಿಯು ಅವರನ್ನು ಕಿವಿಯವರ ಗುಂಪಿಗೆ ಸೇರಿಸಿಬಿಡುತ್ತಿದ್ದಿತು. ಆದರೆ ಅವರು ಕಿವಿಯಿಂದ ಕಲಿತದ್ದು ಆ ಕಲೆಗೆ ಕಿವಿಯು ಬೇಕಾಗಿದ್ದುದರಿಂದ ಮತ್ತು ಶಾಲೆಯ ಬಾಗಿಲು ಅವರಿಗೆ ತೆರೆಯದೆ ಇದ್ದುದರಿಂದ. ಮೊದಲನೆಯದು ಸಂಪ್ರದಾಯದ ಗುಣ, ಎರಡನೆಯದು ಸಮಾಜದ ದೋಷ. ಎರಡರಲ್ಲಿ ಯಾವುದೂ ಅವರ ಮಿದುಳಿನ ವರ್ಗವಲ್ಲ. ಕೇಳಿದ್ದನ್ನು ಸಭೆಯ ಮುಂದೆ ಮತ್ತೆ ಮತ್ತೆ ಹಾಡಿದ್ದರಿಂದ ಅದು ಉಳಿಯಿತೆಂಬುದನ್ನೂ ಮರೆಯಬಾರದು.

ಕಲಿಯುವವರಲ್ಲಿ ಭೇದವೇ ಇಲ್ಲವೆಂದು ಇದರಿಂದ ಹೇಳಿದಂತಾಗುವುದಿಲ್ಲ. ದೃಷ್ಟಿಯಿಲ್ಲದ ವಿದ್ಯಾರ್ಥಿಗೆ ಬ್ರೈಲ್ ಮತ್ತು ಧ್ವನಿಪುಸ್ತಕಗಳು ಬೇಕೇ ಬೇಕು. ಅದು ಒಲವಿನ ಮಾತಲ್ಲ, ಹಕ್ಕಿನ ಮಾತು. ಮೊದಲೇ ಪಡೆದ ತಿಳಿವಳಿಕೆ, ಬಲ್ಲ ಭಾಷೆ, ಮನೆಯಲ್ಲಿ ಓದಲು ದೊರೆಯುವ ಹೊತ್ತು, ಇವುಗಳಲ್ಲಿ ಒಬ್ಬನಿಗೂ ಇನ್ನೊಬ್ಬನಿಗೂ ಅಪಾರ ವ್ಯತ್ಯಾಸವಿದೆ. ತನ್ನ ಕಲಿಕೆಯನ್ನು ತಾನು ಅರಿಯುವುದೆಂದರೆ ಇವುಗಳನ್ನು ಅರಿಯುವುದು. ಅದಕ್ಕೆ ಪ್ರಶ್ನಾವಳಿ ಬೇಕಿಲ್ಲ. ಪಾಠದ ಮರುದಿನ ಪುಸ್ತಕ ಮುಚ್ಚಿ ಬಿಳಿಯ ಹಾಳೆಯ ಮೇಲೆ ಬರೆದರೆ ಎಲ್ಲಿ ಕೈ ನಿಲ್ಲುತ್ತದೆಂಬುದು ಕಾಣುತ್ತದೆ. ಕೆಳಗಿನ ತರಗತಿಯವನಿಗೆ ಮನೆಮಾತಿನಲ್ಲಿ ವಿವರಿಸಹೊರಟರೆ ಎಲ್ಲಿ ಬಾಯಿ ತಡೆಯುತ್ತದೆಂಬುದು ಕೇಳುತ್ತದೆ. ಕೆಲವು ದಿನ ಬಿಟ್ಟು ಮತ್ತೆ ಅದೇ ವಿಷಯಕ್ಕೆ ಬಂದರೆ ಉಳಿದದ್ದೆಷ್ಟು, ಹೋದದ್ದೆಷ್ಟು ಎಂಬ ಲೆಕ್ಕ ಸಿಕ್ಕುತ್ತದೆ. ಜಾನ್ ಡನ್‌ಲಾಸ್ಕಿ ಮತ್ತು ಸಹೋದ್ಯೋಗಿಗಳು ೨೦೧೩ರಲ್ಲಿ ಹತ್ತು ಬಗೆಯ ವ್ಯಾಸಂಗಕ್ರಮಗಳನ್ನು ತೂಗಿ ನೋಡಿದಾಗ ಹೆಚ್ಚಿನ ಪ್ರಯೋಜನದವೆಂದು ನಿಂತದ್ದು ಎರಡೇ: ತನ್ನನ್ನು ತಾನು ಪರೀಕ್ಷಿಸಿಕೊಳ್ಳುವುದು, ಓದನ್ನು ಬಿಡಿಬಿಡಿಯಾಗಿ ಹಲವು ದಿನಗಳ ಮೇಲೆ ಹರಡುವುದು. ನಮ್ಮ ವಿದ್ಯಾರ್ಥಿಗಳು ಬಹಳವಾಗಿ ನೆಚ್ಚಿಕೊಂಡಿರುವ ಅಡಿಗೆರೆ ಎಳೆಯುವುದೂ ಮತ್ತೆ ಮತ್ತೆ ಓದುವುದೂ ಕೆಳಗಿನ ದರ್ಜೆಗೆ ಇಳಿದವು.

ಅಧ್ಯಾಪಕರ ಪಾಲಿನ ಕೆಲಸವೊಂದಿದೆ. ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯವು ೨೦೧೦ರಲ್ಲಿ ಸ್ಥಾಪಿತವಾದ ಮೇಲೆ ಉನ್ನತ ವ್ಯಾಸಂಗಕ್ಕಾಗಿ ಬಳ್ಳಾರಿಯವರು ಹೊರಗೆ ಹೋಗಬೇಕಾದ ಒತ್ತಾಯವು ಕಡಮೆಯಾಗಿದೆ. ಇಲ್ಲಿಯ ವಿದ್ಯಾರ್ಥಿಯನ್ನು ಇಲ್ಲಿಯೇ ಪರಿಶೀಲಿಸುವ ಅನುಕೂಲವೂ ಒದಗಿದೆ. ಮೊದಲ ವರ್ಷದ ಮೊದಲ ತಿಂಗಳಿನಲ್ಲಿ ಶೈಲಿಯ ಪ್ರಶ್ನಾವಳಿಗೆ ಬದಲಾಗಿ ಪಠ್ಯದ ಒಂದು ಪುಟವನ್ನು ಕೊಟ್ಟು, ಓದಲು ಬಂದರೂ ಅರ್ಥವಾಗದ ಪದಗಳಿಗೆಲ್ಲ ಗುರುತು ಹಾಕಿಸಬಹುದು. ಪ್ರತಿಯೊಂದು ಪದದ ಎದುರಿಗೆ ಅದಕ್ಕೆ ಮನೆಯಲ್ಲಿ ಏನೆನ್ನುತ್ತಾರೆಂದು ಬರೆಯಿಸಬಹುದು. ಗಡಿಯ ಕಡೆಯಿಂದ ಬಂದವರ ಹಾಳೆಯಲ್ಲಿ ತೆಲುಗು ಮಾತುಗಳಿರುತ್ತವೆ. ಕುರುಗೋಡಿನ ಕಡೆಯವರ ಹಾಳೆಯಲ್ಲಿ ಬೇಸಾಯದ ಕನ್ನಡವಿರುತ್ತದೆ. ಕೆಲವು ಸಾಲುಗಳು ಖಾಲಿಯಾಗಿಯೇ ಉಳಿಯುತ್ತವೆ. ಪಾಠವನ್ನು ಆ ಖಾಲಿ ಸಾಲುಗಳಿಂದ ಆರಂಭಿಸಬೇಕು.